ಮುಖಕ್ಕೆ ರೋಲರ್, ಗುವಾ ಶಾ ಕಲ್ಲು ಬಳಸಿದವರು ಹೇಳಿ, ಬೆಳಗಿನ ಊತ ಇಳಿಯುತ್ತದಾ?

ಪ್ರಶ್ನೆ, ಕಲಬುರಗಿಯಿಂದ

ನಾನು ಬಸ್ ಕಂಡಕ್ಟರ್. ಫಸ್ಟ್ ಶಿಫ್ಟ್ ಇದ್ದರೆ ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು. ಎದ್ದಾಗ ಕಣ್ಣಿನ ಕೆಳಗೆ, ಕೆನ್ನೆ ಎಲ್ಲ ಊದಿಕೊಂಡಿರುತ್ತದೆ. ಗದ್ದದ ಮೇಲೆ ನಾಲ್ಕೈದು ಮೊಡವೆ ಬೇರೆ. ಮುಖದ ಮೇಲೆ ಉರುಳಿಸೋ ಜೇಡ್ ಕಲ್ಲಿನ ರೋಲರ್, ಮುಖ ಸವರೋ ಚಪ್ಪಟೆ ಗುವಾ ಶಾ ಕಲ್ಲು ಅಂತ ಮೊಬೈಲ್ ತೆಗೆದರೆ ಅದೇ ಕಾಣುತ್ತದೆ. ಎರಡರಲ್ಲಿ ಯಾವುದು ತಗೊಳ್ಳಲಿ? ಯಾವ ಎಣ್ಣೆ ಹಚ್ಚಬೇಕು? ಸುಕ್ಕು ಹೋಗುತ್ತದೆ, ಮುಖ ತೆಳ್ಳಗಾಗುತ್ತದೆ ಅನ್ನೋದು ನಿಜಾನಾ? ಬಳಸಿ ನೋಡಿದವರು ಹೇಳಿ ಅಕ್ಕಾ.

ಬೀದರಿನಿಂದ

ನಾನು ಎರಡು ವರ್ಷದಿಂದ ರೋಲರ್ ಬಳಸುತ್ತಿದ್ದೇನೆ. ಊತ ಇಳಿಯುತ್ತದೆ, ಅದು ನಿಜ. ರಾತ್ರಿಯೆಲ್ಲ ಮಲಗಿದಾಗ ಮುಖದಲ್ಲಿ ನೀರು ನಿಲ್ಲುತ್ತದೆ. ಮೆಲ್ಲಗೆ ಉರುಳಿಸಿದರೆ ಅದು ಸರಿದು ಹೋಗುತ್ತದೆ, ಕಲ್ಲಿನ ತಂಪಿಗೆ ಸಣ್ಣ ರಕ್ತನಾಳಗಳೂ ಸ್ವಲ್ಪ ಕುಗ್ಗುತ್ತವೆ. ಆದರೆ ಇದೆಲ್ಲ ಕೆಲವು ತಾಸಿನ ಮಾತು. ಸುಮ್ನೆ ಬಿಟ್ಟರೂ ನಾವು ಎದ್ದು ಓಡಾಡುವಾಗ ಆ ಊತ ತಾನೇ ಇಳಿಯುತ್ತದೆ, ರೋಲರ್ ಇಂದ ಬೇಗ ಇಳಿಯುತ್ತದೆ ಅಷ್ಟೇ. ನಾಲ್ಕಕ್ಕೆ ಎದ್ದು ಡ್ಯೂಟಿಗೆ ಹೋಗೋ ನಿಮಗೆ ಅದು ಉಪಯೋಗವೇ. ಸುಕ್ಕು? ನನ್ನ ಹಣೆಯ ಗೆರೆ ಎರಡು ವರ್ಷದ ಹಿಂದೆ ಹೇಗಿತ್ತೋ ಈಗಲೂ ಹಾಗೇ ಇದೆ.

ಫ್ರಿಜ್‌ನಲ್ಲಿ ಹತ್ತು ನಿಮಿಷ ಇಟ್ಟು ಬಳಸಿ. ಫ್ರೀಜರ್‌ನಲ್ಲಿ ಬೇಡ, ಚರ್ಮಕ್ಕೂ ಕಷ್ಟ, ಕಲ್ಲಿಗೂ ಕಷ್ಟ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಸಂಜೆ ಮನೆಗೆ ಬಂದು ಮುಖ ತೊಳೆದು ಆ ತಣ್ಣನೆ ಕಲ್ಲು ಇಟ್ಟುಕೊಂಡರೆ ಸಿಗೋ ಸುಖ ಇದೆಯಲ್ಲ, ನಾನು ಇದನ್ನು ಬಿಡದೆ ಇರೋದು ಅದಕ್ಕೇ. ಇನ್ನೊಂದು, ಮೊದಲ ರೋಲರ್ ಕೈಜಾರಿ ಶಹಾಬಾದಿ ಪರಸಿ ಹಾಸಿದ ನೆಲದ ಮೇಲೆ ಬಿದ್ದು ಎರಡು ತುಂಡಾಯಿತು. ಹಾಸಿಗೆ ಮೇಲೆ ಕುಳಿತು ಮಾಡಿ. ಒಡೆದ ಕಲ್ಲನ್ನು ಅಂಟಿಸಿ ಬಳಸಬೇಡಿ, ಅಂಚು ಗೀರುತ್ತದೆ.

ಶಹಾಪುರದಿಂದ

ನನ್ನ ಅನುಭವ ಕೆಟ್ಟದ್ದು, ಅದನ್ನೂ ಹೇಳಬೇಕು. ಗುವಾ ಶಾ ಚೀನಾದ ಹಳೇ ಪದ್ಧತಿ. ಗುವಾ ಅಂದರೆ ಕೆರೆಯುವುದು, ಶಾ ಅಂದರೆ ಹಾಗೆ ಕೆರೆದಾಗ ಏಳುವ ಕೆಂಪು ಚುಕ್ಕೆ. ಅಲ್ಲಿ ಬೆನ್ನಿಗೆ, ಹೆಗಲಿಗೆ ಗಟ್ಟಿಯಾಗಿ ಎಳೆಯುತ್ತಾರೆ. ಮುಖಕ್ಕೆ ಮಾಡೋದೇ ಬೇರೆ. ನನಗೆ ಆ ಫರಕು ಗೊತ್ತಿರಲಿಲ್ಲ. ಒತ್ತಿದಷ್ಟು ಒಳ್ಳೆಯದು ಅಂದುಕೊಂಡು ಎಳೆದೆ, ದವಡೆ ಮೇಲೆ ನಾಲ್ಕು ದಿನ ಕಲೆ ಉಳಿಯಿತು.

ಅದು ಹೋಗಲಿ. ನಮ್ಮ ಅವ್ವನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನಡೆಯುತ್ತಿದೆ. ಅವಳ ಕೆನ್ನೆಗೆ ಪ್ರೀತಿಯಿಂದಲೇ ಮಾಡಿದೆ. ಬೆಳಿಗ್ಗೆ ನೋಡಿದರೆ ನೀಲಿಗಟ್ಟಿತ್ತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅಂಥ ಮಾತ್ರೆ ತಗೊಳ್ಳುವವರಿಗೆ ಕಲ್ಲು ಬೇಡವೇ ಬೇಡ.

ಕಲಬುರಗಿಯಿಂದ, ಪಾರ್ಲರ್ ನಡೆಸುವವರು

ತಂಗಿ, ಹನ್ನೊಂದು ವರ್ಷದಿಂದ ಮುಖಗಳನ್ನು ಮುಟ್ಟುತ್ತಾ ಬಂದಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಹೊಸಬರಿಗೆ ರೋಲರ್ ಸುಲಭ, ತಪ್ಪು ಮಾಡಿದರೂ ಪೆಟ್ಟು ಕಡಿಮೆ. ಆದರೆ ಅದರ ಕಡ್ಡಿ, ಸಂದಿಯಲ್ಲಿ ಎಣ್ಣೆ, ಧೂಳು ಸೇರಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ. ಗುವಾ ಶಾ ಕಲ್ಲು ಒಂದೇ ತುಂಡು, ತೊಳೆಯೋದು ಸುಲಭ. ಜೇಡ್ ಆಗಲಿ, ರೋಸ್ ಕ್ವಾರ್ಟ್ಸ್ ಆಗಲಿ, ಸ್ಟೀಲ್ ಆಗಲಿ ಕೆಲಸ ಒಂದೇ. ಮಾರ್ಕೆಟ್‌ನಲ್ಲಿ ಜೇಡ್ ಅಂತ ಬಣ್ಣ ಹಾಕಿದ ಗಾಜೂ ಸಿಗುತ್ತದೆ, ಬೆಳಕಿಗೆ ಹಿಡಿದಾಗ ಒಳಗೆ ಗಾಳಿಗುಳ್ಳೆ ಕಂಡರೆ ಗಾಜೇ. ಅಂಚು ನುಣುಪಾಗಿದ್ದರೆ ಸಾಕು, ದುಬಾರಿ ಕಲ್ಲಿಗೆ ದುಡ್ಡು ಹಾಕಬೇಡ.

ಒಣ ಮುಖದ ಮೇಲೆ ಎಳೆಯಬಾರದು. ಮೊಡವೆ ಇರೋ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಮುಚ್ಚುತ್ತದೆ. ನಮ್ಮ ಕಡೆ ಗಾಣದ ಕುಸುಬೆ ಎಣ್ಣೆ ಸಿಗುತ್ತದಲ್ಲ, ಅದು ಹಗುರ, ಮೂರು ನಾಲ್ಕು ಹನಿ ಸಾಕು. ಮೊದಲು ಕಿವಿಯ ಹಿಂದೆ ಮುಂದೆ ಸ್ವಲ್ಪ ಹಚ್ಚಿ ಎರಡು ದಿನ ನೋಡು. ಎಣ್ಣೆ ಬೇಡ ಅನ್ನಿಸಿದರೆ ಸಾದಾ ಮಾಯಿಶ್ಚರೈಸರ್ ಹಚ್ಚಿದರೂ ನಡೆಯುತ್ತದೆ. ಕುತ್ತಿಗೆಯಿಂದ ಶುರು ಮಾಡಬೇಕು, ಕಿವಿಯ ಕೆಳಗಿನಿಂದ ಕೊರಳೆಲುಬಿನ ಕಡೆಗೆ. ಆಮೇಲೆ ಗದ್ದದಿಂದ ಕಿವಿಗೆ, ಮೂಗಿನ ಪಕ್ಕದಿಂದ ಕಿವಿಗೆ, ಹಣೆ ನಡುವಿನಿಂದ ಕಣತಲೆಗೆ. ಒಂದೇ ದಿಕ್ಕು, ನಾಲ್ಕೈದು ಸಲ. ಕಲ್ಲನ್ನು ಚರ್ಮಕ್ಕೆ ಹತ್ತಿರ ಓರೆಯಾಗಿ ಮಲಗಿಸಿ ಹಿಡಿ, ಮಗುವಿನ ಕೆನ್ನೆ ಸವರುವಷ್ಟೇ ಭಾರ ಹಾಕು. ಐದು ನಿಮಿಷ ಆದರೆ ಸಾಕು. ಆಮೇಲೆ ಮುಖ ತೊಳೆದು ಸನ್‌ಸ್ಕ್ರೀನ್ ಹಚ್ಚು, ಕಿಟಕಿ ಬಿಸಿಲಿನಲ್ಲಿ ನಿಲ್ಲೋಳು ನೀನು. ಕಲ್ಲನ್ನು ಸೋಪು ಹಚ್ಚಿ ತೊಳೆದು ಒರೆಸಿಡು, ನಮ್ಮ ಬೋರ್ ನೀರು ಗಡಸು, ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ನಿನ್ನ ಕಲ್ಲು ನಿನಗೊಬ್ಬಳಿಗೇ, ಅಕ್ಕತಂಗಿಯರಿಗೂ ಕೊಡಬೇಡ.

ಮೊಡವೆ ಮೇಲೆ ಮಾತ್ರ ಉರುಳಿಸಬೇಡ, ಗದ್ದ ಬಿಟ್ಟು ಮಾಡು. ಒಡೆದರೆ ಸೋಂಕು ಹರಡುತ್ತದೆ, ಕಲೆ ಉಳಿಯುತ್ತದೆ.

ಇನ್ನು ನಾನು ಹೇಳಲೇಬೇಕಾದ್ದು. ನೀನು ಏನಾದರೂ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತೀಯಾ? ಮೆಡಿಕಲ್‌ನಿಂದ ಹಾಗೇ ತಂದ ಟ್ಯೂಬು? ನನ್ನ ಹತ್ತಿರ ಬರೋ ಹುಡುಗಿಯರಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ, ಮುಖ ಮುಟ್ಟುವ ಮೊದಲು ಈಗ ಇದನ್ನೇ ಕೇಳುತ್ತೇನೆ. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಉರಿದು, ಸಣ್ಣ ಸಣ್ಣ ನರ ಕಾಣಿಸಿ, ಮೊಡವೆ ಏಳುತ್ತವೆ. ಇಂಥ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ, ಆದರೂ ಕೈಗೆ ಸಿಗುತ್ತಿವೆ. ಹಾಗೆ ತೆಳುವಾದ ಚರ್ಮಕ್ಕೆ ಕಲ್ಲು ತಾಗಿಸಿದರೆ ಗಾಯವೇ.

ಸೇಡಂನಿಂದ

ರಾತ್ರಿ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ ಒಂದು ವಾರ ನೋಡಿ, ತಲೆದಿಂಬು ಸ್ವಲ್ಪ ಎತ್ತರ ಇಡಿ. ನನಗೆ ಅದರಿಂದಲೇ ಅರ್ಧ ಊತ ಹೋಯಿತು. ಮಧ್ಯಾಹ್ನದವರೆಗೂ ಇಳಿಯದಿದ್ದರೆ, ಕಾಲೂ ಊದಿದರೆ ರೋಲರ್ ಬದಿಗಿಟ್ಟು ಮೂತ್ರ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಮತ್ತೆ ಕೇಳಿದವರು

ಅಕ್ಕಾ, ಟ್ಯೂಬ್ ತೆಗೆದು ನೋಡಿದೆ. ಮೊಮೆಟಾಸೋನ್ ಅಂತಲೇ ಇದೆ. ಗೆಳತಿ ಹೇಳಿದಳು ಅಂತ ಎಂಟು ತಿಂಗಳಿಂದ ಹಚ್ಚುತ್ತಿದ್ದೇನೆ. ಬಸ್ಸಿನಲ್ಲಿ ಬಿಸಿಲು ಬಿದ್ದರೆ ಕೆನ್ನೆ ಉರಿಯುತ್ತಿತ್ತು, ಧೂಳಿಗೆ ಅಂದುಕೊಂಡಿದ್ದೆ. ಇವತ್ತೇ ಎಸೆದು ಬಿಡಲಾ?

ಪಾರ್ಲರ್ ನಡೆಸುವವರು

ಎಸೆಯಬೇಡ ತಂಗಿ, ಟ್ಯೂಬ್ ಕೈಯಲ್ಲಿ ಹಿಡಿದುಕೊಂಡು ಈ ವಾರವೇ ಚರ್ಮದ ಡಾಕ್ಟರ್ ಹತ್ತಿರ ಹೋಗು. ಎಂಟು ತಿಂಗಳು ಹಚ್ಚಿ ಒಮ್ಮೆಲೇ ಬಿಟ್ಟರೆ ಮುಖ ಇನ್ನೂ ಕೆಂಪಾಗಿ ಉಬ್ಬಬಹುದು, ಹೇಗೆ ಬಿಡಬೇಕು ಅಂತ ಅವರೇ ಹೇಳುತ್ತಾರೆ. ವೀಕ್ಲಿ ಆಫ್ ಯಾವತ್ತು? ಜೊತೆಗೆ ಯಾರೂ ಇಲ್ಲದಿದ್ದರೆ ಹೇಳು, ನಾನು ಬರುತ್ತೇನೆ. ಕಲ್ಲು ಆಮೇಲೆ ತಗೊಂಡರಾಯಿತು.