ವಾರ್‌ಕ್ರಾಫ್ಟ್: ಹೊಸ ಪರದೆ ಬೇಡ, ಹಳೆಯದು ನಿಲ್ಲುತ್ತಿಲ್ಲ

ಮಲ್ಪೆಯ ಮಾಂತ್ರಿಕ:
ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟಕ್ಕೆ ಬಹಳ ವರ್ಷಗಳ ನಂತರ ಮರಳಿದ್ದೇನೆ. ಪರದೆ ಗುರುತೇ ಸಿಗುತ್ತಿಲ್ಲ. ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಇದ್ದ, ಮಂತ್ರ-ಹೊಡೆತಗಳ ಗುಂಡಿಗಳ ಪಟ್ಟಿ ಮಾಯವಾಗಿದೆ, ಚೀಲಗಳೂ ಮೆನು ಗುಂಡಿಗಳೂ ಬಲ ಮೂಲೆ ಸೇರಿವೆ. ಪಟ್ಟಿಗಳನ್ನು ಸರಿಸುವ ಒಂದು ಆ್ಯಡ್‌ಆನ್ (ಆಟಕ್ಕೆ ಹೊರಗಿನಿಂದ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ ಎಲ್ಲವನ್ನೂ ಹಳೆಯ ಜಾಗಕ್ಕೆ ತಂದೆ. ಮರುದಿನ ತೆರೆದರೆ ಮತ್ತೆ ಅದೇ ಅವತಾರ! ಕೆಲವು ದಿನ ಉಳಿಯುತ್ತದೆ, ಕೆಲವು ದಿನ ಅಳಿಸಿಹೋಗುತ್ತದೆ. ಹಳೆಯ ರೂಪಕ್ಕೆ ಮರಳುವ ದಾರಿ ಯಾವುದು? ದಯವಿಟ್ಟು ‘ಅಭ್ಯಾಸವಾಗುತ್ತದೆ’ ಎನ್ನಬೇಡಿ.

ಕದ್ರಿ ಕಾವಲುಗಾರ:
ಅಭ್ಯಾಸವಾಗುತ್ತದೆ ಮಾರಾಯರೇ.

ರಥಬೀದಿ ಕುಳ್ಳ:
ಅವರ ಮಾತು ಬಿಡಿ. ಇದು ಆಟದ ಡ್ರ್ಯಾಗನ್‌ಫ್ಲೈಟ್ ಎಂಬ ವಿಸ್ತರಣೆಗೆ ಮುನ್ನ, 2022ರ ಅಕ್ಟೋಬರ್‌ನಲ್ಲಿ ಬಂದ 10.0 ಆವೃತ್ತಿಯ ಬದಲಾವಣೆ. ಆಗಲೇ ಪರದೆಯನ್ನು ಬೇಕಾದಂತೆ ಜೋಡಿಸಿಕೊಳ್ಳುವ ‘ಎಡಿಟ್ ಮೋಡ್’ ಕೂಡ ಬಂತು, ನಿಮಗೆ ಬೇಕಾಗಿರುವುದು ಅದೇ. ಎಸ್ಕೇಪ್ ಒತ್ತಿದರೆ ಬರುವ ಮೆನುವಿನಲ್ಲಿದೆ. ತೆರೆದು ವಿನ್ಯಾಸವನ್ನು ‘ಮಾಡರ್ನ್’ನಿಂದ ‘ಕ್ಲಾಸಿಕ್’ಗೆ ಬದಲಿಸಿ. ತದ್ರೂಪ ಬರುವುದಿಲ್ಲ, ಆ ಆಸೆ ಬೇಡ. ಚೀಲ, ಮೆನುಗಳನ್ನು ಎಳೆದು ನಿಮ್ಮ ಜಾಗಕ್ಕೆ ಕೂರಿಸಿ. ಪ್ರತಿ ಪಟ್ಟಿಯ ಮೇಲೆ ಒತ್ತಿದರೆ ಎಷ್ಟು ಸಾಲು, ಎಷ್ಟು ಗುಂಡಿ, ಯಾವ ಗಾತ್ರ ಎಂದು ಕೇಳುತ್ತದೆ. ಸಿದ್ಧ ವಿನ್ಯಾಸಗಳನ್ನು ತಿದ್ದಲು ಬಿಡುವುದಿಲ್ಲ, ಹೊಸ ಹೆಸರು ಕೊಟ್ಟು ಉಳಿಸಬೇಕು. ಆ್ಯಡ್‌ಆನ್ ಇಲ್ಲದೆಯೇ ಇಷ್ಟು ಆಗುತ್ತದೆ.

ಪಟ್ಟಿಗಳ ಹೆಸರೂ ಬದಲಾಗಿದೆ. ಮೊದಲು ‘ಕೆಳಗಿನ ಎಡ’, ‘ಕೆಳಗಿನ ಬಲ’ ಎಂದಿದ್ದವು ಈಗ ಬರೀ ಸಂಖ್ಯೆಗಳು, ಜೊತೆಗೆ ಹೊಸ ಮೂರು ಸೇರಿ ಒಟ್ಟು ಎಂಟು. ಕಾಣದ ಪಟ್ಟಿಯನ್ನು ಆಯ್ಕೆಗಳ ಮೆನುವಿನಲ್ಲಿ ಆನ್ ಮಾಡಿ.

ಅಳಿಸಿಹೋಗುವುದು ಬೇರೆಯೇ ರೋಗ. ಆಟದಿಂದ ಹೇಗೆ ಹೊರಬರುತ್ತೀರಿ?

ಮಲ್ಪೆಯ ಮಾಂತ್ರಿಕ:
ನಾನಾಗಿ ಹೊರಬರುವುದು ಅಪರೂಪ! ಮಳೆ ಶುರುವಾದ ಮೇಲೆ ಸಂಜೆ ಹೊತ್ತು ಕರೆಂಟು ಹೋಗುತ್ತದೆ, ಡೆಸ್ಕ್‌ಟಾಪ್ ಅಲ್ಲಿಗೇ ಆರುತ್ತದೆ.

ರಥಬೀದಿ ಕುಳ್ಳ:
ಸಿಕ್ಕಿತು. ಆ್ಯಡ್‌ಆನ್‌ಗಳ ಆಯ್ಕೆಗಳನ್ನು ಆಟ ಆಗಿಂದಾಗ್ಗೆ ಡಿಸ್ಕ್‌ಗೆ ಬರೆಯುವುದಿಲ್ಲ. ಲಾಗ್‌ಔಟ್ ಆಗುವಾಗ, ಇಲ್ಲವೇ ಇಂಟರ್‌ಫೇಸ್ (ಪರದೆಯ ಪಟ್ಟಿ, ಗುಂಡಿಗಳೆಲ್ಲ) ಮರುಲೋಡ್ ಆಗುವಾಗ ಮಾತ್ರ ಬರೆಯುತ್ತದೆ. ಅಲ್ಲಿಯವರೆಗೆ ಎಲ್ಲವೂ ಮೆಮೊರಿಯಲ್ಲೇ. ನಡುವೆ ಕರೆಂಟು ಹೋದರೆ ಆ ಹೊತ್ತಿನ ಬದಲಾವಣೆಗಳೂ ಹೋದವು. ಏನಾದರೂ ಬದಲಿಸಿದ ಕೂಡಲೇ ಚಾಟ್‌ನಲ್ಲಿ ಓರೆಗೆರೆ ಹಾಕಿ ಇಂಗ್ಲಿಷ್‌ನಲ್ಲಿ ‘ರೀಲೋಡ್’ (/reload) ಎಂದು ಟೈಪಿಸಿ ಎಂಟರ್ ಒತ್ತಿ. ಯುಪಿಎಸ್ ತೆಗೆದುಕೊಳ್ಳಿ ಎಂದು ಬೇರೆ ಹೇಳಬೇಕೇ? ಕರಾವಳಿಯ ಜೂನ್‌ನಲ್ಲಿ ಅದಿಲ್ಲದೆ ಡೆಸ್ಕ್‌ಟಾಪ್ ಇಟ್ಟುಕೊಳ್ಳುವುದೇ ಸಾಹಸ.

ಕದ್ರಿ ಕಾವಲುಗಾರ:
ಪ್ರಾಯಶ್ಚಿತ್ತವಾಗಿ ಒಂದು ಸಲಹೆ: ಇಷ್ಟಾದರೂ ಪಟ್ಟಿಗಳು ಒಂದರ ಮೇಲೊಂದು ಬಿದ್ದರೆ, ಪಾತ್ರ ಆರಿಸುವ ಪರದೆಯಲ್ಲೇ ಎಲ್ಲ ಆ್ಯಡ್‌ಆನ್‌ಗಳನ್ನು ಆಫ್ ಮಾಡಿ ನೋಡಿ. ಸರಿಯಾದರೆ ಅರ್ಧರ್ಧವಾಗಿ ಆನ್ ಮಾಡುತ್ತಾ ಹೋಗಿ, ಕಳ್ಳ ಸಿಗುತ್ತಾನೆ. ನಿಮ್ಮ ಆಯ್ಕೆಗಳನ್ನು ಆಟ ಉಳಿಸಿಡುವ ಡಬ್ಲ್ಯೂಟಿಎಫ್ (WTF) ಫೋಲ್ಡರನ್ನು (ಹೌದು, ಹೆಸರೇ ಅದು) ಅಳಿಸಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಟ ಮುಚ್ಚಿ, ಅದರ ಹೆಸರನ್ನಷ್ಟೇ ಬದಲಿಸಿ. ಆಟ ಹೊಸದೊಂದನ್ನು ಮಾಡಿಕೊಳ್ಳುತ್ತದೆ, ಹಳೆಯದು ಕೈಯಲ್ಲೇ ಇರುತ್ತದೆ.

ಮಲ್ಪೆಯ ಮಾಂತ್ರಿಕ:
ಆ್ಯಡ್‌ಆನ್ ತೆಗೆದುಹಾಕಿ ಕ್ಲಾಸಿಕ್ ವಿನ್ಯಾಸದ ಮೇಲೆ ನನ್ನದನ್ನು ಕಟ್ಟಿಕೊಂಡೆ. ನಿನ್ನೆ ಸಿಡಿಲಿಗೆ ಕರೆಂಟು ಹೋಗಿ ಬಂದರೂ ಅಲುಗಾಡಿಲ್ಲ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಅವನ ಖಾತೆಗೂ ಇದನ್ನೇ ಹಾಕಬಹುದೇ?

ರಥಬೀದಿ ಕುಳ್ಳ:
ಧಾರಾಳವಾಗಿ. ಎಡಿಟ್ ಮೋಡ್‌ನಲ್ಲಿ ‘ಶೇರ್’ ಒತ್ತಿದರೆ ಉದ್ದದ ಅಕ್ಷರಸಾಲೊಂದು ಕಾಪಿಯಾಗುತ್ತದೆ, ಅವನ ಕಡೆ ‘ಇಂಪೋರ್ಟ್’ನಲ್ಲಿ ಅಂಟಿಸಲಿ. ಲ್ಯಾಪ್‌ಟಾಪ್ ಪರದೆ ಚಿಕ್ಕದಾದರೆ ಕೆಲವು ಚೌಕಟ್ಟುಗಳು ಆಚೀಚೆ ಸರಿದಿರುತ್ತವೆ. ಅವನ್ನು ಕೈಯಲ್ಲೇ ಸರಿಪಡಿಸಿಕೊಳ್ಳಬೇಕು.