ಪದಚರ್ಚೆ: ‘ರಹಸ್ಯ ಬರೋಣ’ವೂ ‘ಎರಡನೆಯ ಬರೋಣ’ವೂ ಒಂದೆಯೇ?

ಪ್ರಶ್ನೆ: ಕ್ರಿಸ್ತನು ಮರಳಿ ಬರುವ ಕುರಿತು ಕೋಲಾರದ ಕ್ರೈಸ್ತ ಸಭೆಯೊಂದರ (ಚರ್ಚ್) ಕರಪತ್ರ ಅಚ್ಚಿಗೆ ಹೋಗಬೇಕಿದೆ, ಕರಡು ತಿದ್ದುತ್ತಿದ್ದೇನೆ. ಒಂದೇ ಪುಟದಲ್ಲಿ ‘ಎರಡನೆಯ ಬರೋಣ’, ‘ರಹಸ್ಯ ಬರೋಣ’, ‘ಸಭೆ ಎತ್ತಲ್ಪಡುವುದು’ ಮೂರೂ ಇವೆ. ಎಲ್ಲವನ್ನೂ ಒಂದೇ ಪದಕ್ಕೆ ತರಬಹುದೇ? ‘ಬರೋಣ’ ಅಂದರೆ ‘ನಾವೆಲ್ಲ ಬರೋಣ’ ಅಂದ ಹಾಗೆ ಕೇಳುತ್ತದೆ. ‘ಆಗಮನ’ ಮಾಡಿಬಿಡಲೇ?

ಉತ್ತರ: ಒಂದಕ್ಕೇ ತರಬೇಡಿ, ವಾಕ್ಯಗಳು ಸುಳ್ಳಾಗುತ್ತವೆ.

ಮೊದಲು ‘ಬರೋಣ’. ಇಲ್ಲಿ ಅದು ನಾಮಪದ, ಬರುವಿಕೆ ಎಂದೇ ಅರ್ಥ. ‘ತಾವು ಯಾವಾಗ ಬರೋಣವಾಯಿತು?’ ಎಂದು ಹಿರಿಯರನ್ನು ವಿಚಾರಿಸುವ ಹಳೆಯ ಮಾತಿನಲ್ಲಿರುವುದೂ ಇದೇ. ‘ಆಗಮನ’ ಹಾಕಿದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ‘ಆಗಮನ ಕಾಲ’ದ ಕಡೆ ಓದುಗರ ಗಮನ ಹೋಗುತ್ತದೆ. ಇದ್ದಂತೆಯೇ ಬಿಡಿ.

‘ಎರಡನೆಯ ಬರೋಣ’ ಎಲ್ಲ ಪಂಗಡಕ್ಕೂ ಸಲ್ಲುತ್ತದೆ. ಕ್ರಿಸ್ತನು ಮಹಿಮೆಯೊಡನೆ ನ್ಯಾಯತೀರಿಸಲು ಮರಳಿ ಬರುತ್ತಾನೆ. ಕ್ಯಾಥೊಲಿಕರೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಯವರೂ ಹೇಳುವ ನೈಸಿಯ ವಿಶ್ವಾಸಪ್ರಮಾಣ ಈ ವಿಷಯದಲ್ಲಿ ಅದರಾಚೆಗೆ ಯಾವ ವೇಳಾಪಟ್ಟಿಯನ್ನೂ ಕೊಡುವುದಿಲ್ಲ. ‘ರಹಸ್ಯ ಬರೋಣ’ವಾದರೋ ಬರೋಣವನ್ನು ಎರಡು ಹಂತವಾಗಿ ಒಡೆಯುವವರ ಪದ: ಮೊದಲು ವಿಶ್ವಾಸಿಗಳನ್ನಷ್ಟೇ ಮೇಲಕ್ಕೆ ಒಯ್ಯುವುದು, ಆಮೇಲೆ ಏಳು ವರ್ಷದ ಸಂಕಟ, ಕೊನೆಗೆ ಬಹಿರಂಗ ಬರೋಣ. 1830ರ ಸುಮಾರಿಗೆ ಆಂಗ್ಲೋ-ಐರಿಷ್ ಬೋಧಕ ಜಾನ್ ನೆಲ್ಸನ್ ಡಾರ್ಬಿ ಬೋಧಿಸಿದ ಈ ಅನುಕ್ರಮ 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್‌ನಿಂದ ದೂರದೂರಕ್ಕೆ ಹರಡಿತು. ತಮಿಳಿನಲ್ಲಿ ‘ರಹಸಿಯ ವರುಗೈ’, ತೆಲುಗಿನಲ್ಲಿ ‘ಸಂಘಂ ಎತ್ತಬಡುಟ’ ಎನ್ನುತ್ತಾರೆ. ಕೆಜಿಎಫ್, ಮುಳಬಾಗಿಲು ಇರುವ ಜಿಲ್ಲೆಯ ಕನ್ನಡದಲ್ಲಿ ಈ ಎರಡೂ ಮಾತುಗಳ ಕನ್ನಡ ರೂಪಗಳು ಅಕ್ಕಪಕ್ಕ ಕೂತಿದ್ದರೆ ಆಶ್ಚರ್ಯವೇನು!

ಆ ಏಳು ವರ್ಷದ ಲೆಕ್ಕ ಬೈಬಲಿನ ದಾನಿಯೇಲ 9:24-27ರ ಎಪ್ಪತ್ತು ‘ವಾರ’ಗಳದ್ದು. ಹೀಬ್ರೂ ಮೂಲದಲ್ಲಿ ಅವು ‘ಏಳುಗಳು’, ಒಂದೊಂದನ್ನೂ ಏಳು ವರ್ಷವೆಂದು ಎಣಿಸುತ್ತಾರೆ. 69 ಏಳುಗಳು ಅಂದರೆ 483 ವರ್ಷ ಮುಗಿದವು, ಕೊನೆಯ ಏಳು ಇನ್ನೂ ಬಾಕಿ ಎನ್ನುತ್ತದೆ ಡಾರ್ಬಿ ಪಂಥ. ನಡುವೆ ತೆರಪೇ ಇಲ್ಲ, ಎಲ್ಲವೂ ಕ್ರಿಸ್ತನ ಕಾಲಕ್ಕೆ ಮತ್ತು ಕ್ರಿ.ಶ. 70ರ ಯೆರೂಸಲೇಮಿನ ನಾಶಕ್ಕೆ ಸಂಬಂಧಿಸಿದ್ದು ಎನ್ನುವವರೂ ಇದ್ದಾರೆ. ಅವರ ಬರಹದಲ್ಲಿ ‘ಸಂಕಟಕಾಲ’ದ ಹಿಂದೆ ‘ಏಳು ವರ್ಷದ’ ಎಂದು ನೀವಾಗಿ ಸೇರಿಸಬಾರದು.

‘ಎತ್ತಲ್ಪಡುವುದು’ 1 ಥೆಸಲೊನೀಕ 4:17ರ ವಿಚಾರ: ಬದುಕಿರುವ ವಿಶ್ವಾಸಿಗಳು ಮೇಘಗಳಲ್ಲಿ ಎತ್ತಲ್ಪಟ್ಟು ಆಕಾಶದಲ್ಲಿ ಕರ್ತನನ್ನು ಎದುರುಗೊಳ್ಳುವರು ಎನ್ನುತ್ತದೆ ಆ ವಚನ. ಜಗಳ ಇರುವುದು ಯಾವಾಗ ಎಂಬುದರಲ್ಲಿ: ಸಂಕಟಕ್ಕೆ ಮುಂಚೆಯೋ, ನಡುವೆಯೋ (ಮೂರೂವರೆ ವರ್ಷಕ್ಕೆ), ಬಳಿಕವೋ. ‘ಮಹಾ ಸಂಕಟದ ಬಳಿಕ ಸಭೆ ಎತ್ತಲ್ಪಡುವುದು’ ಎಂಬುದು ಒಂದು ಪಕ್ಷದ ನಿಲುವು. ಅಲ್ಲಿ ‘ರಹಸ್ಯ ಬರೋಣ’ ಕೂರಿಸಿದಿರೋ, ಯಾರೂ ಒಪ್ಪದ ಮಾತಾಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಪದ ಬದಲಿಸುವವರು ಮುಗ್ಗರಿಸುವುದು ಇಲ್ಲೇ.

ಅದೇ ವಚನದ ‘ಎದುರುಗೊಳ್ಳು’ವನ್ನು ಆಡುಮಾತಿಗೆ ಹತ್ತಿರವೆಂದು ‘ಭೇಟಿಯಾಗು’ ಮಾಡಲು ಕೈ ತುರಿಸೀತು, ಬೇಡ. ಊರಬಾಗಿಲಲ್ಲಿ ದಿಬ್ಬಣವನ್ನು ಎದುರುಗೊಂಡವರು ಅದರೊಡನೆ ಊರೊಳಕ್ಕೇ ಹಿಂತಿರುಗುತ್ತಾರಲ್ಲ, ಗ್ರೀಕಿನ ‘ಅಪಾಂಟೆಸಿಸ್’ಗೂ ಆ ಛಾಯೆ ಇದೆ. ಮತ್ತಾಯ 25:6ರ ಮದಲಿಂಗನಿಗೂ, ಅಪೊಸ್ತಲರ ಕೃತ್ಯಗಳು 28:15ರಲ್ಲಿ ಪೌಲನಿಗೂ ಅದೇ ಪದ. ವಿಶ್ವಾಸಿಗಳು ಮೇಲೇ ಉಳಿಯದೆ ಕರ್ತನೊಡನೆ ಭೂಮಿಗೆ ಇಳಿಯುತ್ತಾರೆ ಎನ್ನುವವರ ವಾದ ನಿಂತಿರುವುದು ಇದರ ಮೇಲೆ. ಎದುರಾಳಿಗಳು ಶಿಷ್ಯರನ್ನು ತನ್ನ ಬಳಿಗೆ ಸೇರಿಸಿಕೊಳ್ಳುವೆನೆಂದು ಯೇಸು ಹೇಳುವ ಯೋಹಾನ 14:3 ತೋರಿಸುತ್ತಾರೆ. ‘ಭೇಟಿ’ ಹಾಕಿದರೆ ಚರ್ಚೆಗೆ ಎಡೆಯೇ ಇರುವುದಿಲ್ಲ.

ಕ್ರಿಸ್ತನ ‘ಸಾವಿರ ವರ್ಷದ ಆಳ್ವಿಕೆ’ಗೆ ‘ಮುಂಬರುವ’ ಎಂಬ ವಿಶೇಷಣವೂ ಬೇಡ. ಪ್ರಕಟನೆ 20:2-7ರಲ್ಲಿ ಆರು ಸಲ ಬರುವ ಆ ಸಾವಿರವನ್ನು ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನ ದಾರಿಯವರು ಈಗಲೇ ನಡೆಯುತ್ತಿರುವ ಸಭೆಯ ಕಾಲವೆಂದು ಓದುತ್ತಾರೆ.

ಮತ್ತಾಯ 24:40ರ ‘ಒಬ್ಬನು ತೆಗೆದುಕೊಳ್ಳಲ್ಪಡುವನು’ ಕರಪತ್ರದಲ್ಲಿದ್ದರೆ ಹಿಂದೆ ‘ಪರಲೋಕಕ್ಕೆ’ ಎಂದು ತುಂಬಬೇಡಿ. ಅದರ ಹಿಂದಿನ ವಚನದಲ್ಲಿ ಬಡಿದುಕೊಂಡು ಹೋದವರು ನೋಹನ ಕಾಲದ ಪ್ರಳಯಕ್ಕೆ ಸಿಕ್ಕವರು. ಹಾಗಾಗಿ ತೆಗೆದುಕೊಳ್ಳಲ್ಪಟ್ಟವನು ನ್ಯಾಯತೀರ್ಪಿಗೆ ಒಳಗಾದವನು ಎಂದು ಓದುವವರು ಡಾರ್ಬಿ ಪಂಥದೊಳಗೇ ಇದ್ದಾರೆ.