ಮೊದಲ ಲೆಕ್ಕದ ಯಂತ್ರ ಪಾಸ್ಕಲನದ್ದಾ, ಶಿಕಾರ್ಡನದ್ದಾ? ಈ ಹೀಬ್ರೂ ಮೇಷ್ಟ್ರು ಯಾರು?

ಹಾಸನದ_ಮೇಡಂ:
ಬಿಸಿಎ ಮೊದಲ ವರ್ಷದವರಿಗೆ ಕಂಪ್ಯೂಟರ್ ಇತಿಹಾಸ ಪಾಠ ಮಾಡುತ್ತೇನೆ. ನೋಟ್ಸ್‌ನಲ್ಲಿ ‘ಮೊದಲ ಲೆಕ್ಕದ ಯಂತ್ರ: ಪಾಸ್ಕಲ್, 1642’ ಅಂತ ಇದೆ. ಮೊನ್ನೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ವಿಲ್‌ಹೆಲ್ಮ್ ಶಿಕಾರ್ಡ್ ಅನ್ನುವವನು 1623ರಲ್ಲೇ ಮಾಡಿದ್ದ ಅಂದ. ಹುಡುಕಿ ನೋಡಿದರೆ ಆತ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಹೀಬ್ರೂ ಪ್ರೊಫೆಸರ್! ಹೀಬ್ರೂ ಕಲಿಸುವವರಿಗೆ ಹಲ್ಲಿನ ಚಕ್ರಗಳ ಗೊಡವೆ ಯಾಕೆ? ಇದು ನಿಜ ಆದರೆ ನಮ್ಮ ಪುಸ್ತಕಗಳಿಗೆ ಯಾಕೆ ಗೊತ್ತಿಲ್ಲ?

ಬೋಬ್ಲಿಂಗನ್_ಕನ್ನಡಿಗ:
ಮೇಡಂ, ಹುಡುಗ ಹೇಳಿದ್ದು ಸರಿ. ನಾನಿರುವುದು ಸ್ಟುಟ್‌ಗಾರ್ಟ್ ಪಕ್ಕದಲ್ಲಿ. ನಮ್ಮೂರಿನ ಲೋಕಲ್ ಟ್ರೈನ್ ಕೊನೆಗೆ ಹೋಗಿ ನಿಲ್ಲುವ ಸ್ಟೇಷನ್ ಹೆರೆನ್‌ಬರ್ಗ್. ಶಿಕಾರ್ಡ್ 1592ರಲ್ಲಿ ಹುಟ್ಟಿದ್ದು ಅಲ್ಲೇ. ಅಪ್ಪ ಬಡಗಿ, ಮನೆ ಕಟ್ಟಿಸುವ ಮೇಸ್ತ್ರಿ. ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕಾದ ಹೈನ್ರಿಕ್ ಶಿಕಾರ್ಡ್ ಆ ಸೀಮೆಯ ಹೆಸರಾಂತ ಕಟ್ಟಡ ಶಿಲ್ಪಿ. ಉಳಿ, ಸುತ್ತಿಗೆ, ನಕ್ಷೆ ನೋಡುತ್ತಲೇ ಬೆಳೆದ ಹುಡುಗ ಅಂತ ಇಟ್ಟುಕೊಳ್ಳಿ.

ಓದಿದ್ದು ಟ್ಯೂಬಿಂಗನ್‌ನಲ್ಲಿ. ಆಮೇಲೆ ನ್ಯೂರ್ಟಿಂಗನ್ ಅನ್ನುವ ಊರಿನ ಚರ್ಚಿನಲ್ಲಿ ಕೆಲಸ. 1617ರಲ್ಲಿ ಅಲ್ಲಿಗೆ ಖಗೋಳ ವಿಜ್ಞಾನಿ ಕೆಪ್ಲರ್ ಬಂದ. ಅವನ ತಾಯಿ ಕಟರೀನಾ ಮೇಲೆ ಮಾಟಗಾತಿ ಅಂತ ಆರೋಪ ಹೊರಿಸಿದ್ದರು, ಅದಕ್ಕೇ ಊರಿಗೆ ಓಡಾಡುತ್ತಿದ್ದ. ಇಬ್ಬರಿಗೂ ಚೆನ್ನಾಗಿ ಹೊಂದಿತು. ಕೆಪ್ಲರನ ಪುಸ್ತಕಕ್ಕೆ ಶಿಕಾರ್ಡ್ ತನ್ನ ಕೈಯಾರೆ ಚಿತ್ರ ಕೆತ್ತಿಕೊಟ್ಟ.

ಹೀಬ್ರೂ ಪೀಠ ಸಿಕ್ಕಿದ್ದು 1619ರಲ್ಲಿ. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೀಬ್ರೂ ಕ್ರಿಯಾಪದದ ರೂಪಗಳು ವಿದ್ಯಾರ್ಥಿಗಳಿಗೆ ತಲೆನೋವು. ಶಿಕಾರ್ಡ್ ಏನು ಮಾಡಿದ ಗೊತ್ತಾ? ಒಂದರ ಮೇಲೊಂದು ತಿರುಗುವ ಬಿಲ್ಲೆಗಳ ಚಕ್ರ ಮಾಡಿದ. ತಿರುಗಿಸಿದರೆ ಬೇಕಾದ ರೂಪ ಕಿಂಡಿಯಲ್ಲಿ ಕಾಣುತ್ತದೆ. ವ್ಯಾಕರಣ ಪುಸ್ತಕವನ್ನೂ 24 ಪಾಠಗಳಲ್ಲಿ ಬರೆದ, ಪಾಠಕ್ಕೆ ಒಂದು ಗಂಟೆ. ಅದರ ಹೆಸರಲ್ಲೇ ಗಡಿಯಾರ ಇದೆ. ಆ ಪುಸ್ತಕ ಬಂದ ವರ್ಷವೂ 1623! ಹಾಗಾಗಿ ‘ಭಾಷೆಯವನು ಯಂತ್ರಕ್ಕೆ ಕೈಹಾಕಿದ’ ಅಂತ ಬೆರಗಾಗಬೇಕಿಲ್ಲ ಅಂತ ನನ್ನ ಅನಿಸಿಕೆ. ತಲೆಯಲ್ಲಿ ಹಿಡಿಯಲಾಗದ್ದನ್ನು ಚಕ್ರಕ್ಕೆ ಹೊರಿಸುವುದು ಅವನ ಪಾಠ ಮಾಡುವ ರೀತಿಯೇ ಆಗಿತ್ತು. ಕ್ರಿಯಾಪದ ಆಯಿತು, ಮುಂದೆ ಅಂಕಿ.

20 ಸೆಪ್ಟೆಂಬರ್ 1623ರಂದು ತನ್ನ ಲೆಕ್ಕದ ಯಂತ್ರದ ಬಗ್ಗೆ ಕೆಪ್ಲರನಿಗೆ ಪತ್ರ ಬರೆದ. ಪೂರ್ತಿ ಹಲ್ಲಿರುವ 11 ಚಕ್ರ, ಹಲ್ಲು ಕಡಿಮೆ ಇರುವ 6 ಚಕ್ರ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲ ಆಗುತ್ತದೆ. ದಶಕ ತಾನಾಗಿಯೇ ಪಕ್ಕದ ಮನೆಗೆ ಹೋಗುವುದನ್ನು ನೋಡಿದರೆ ನೀನು ನಕ್ಕುಬಿಡುತ್ತೀಯ ಅಂತ ಅದರಲ್ಲಿ ಬರೆದಿದ್ದಾನೆ. ಗ್ರಹಗಳ ಕೋಷ್ಟಕಕ್ಕೆ ವರ್ಷಗಟ್ಟಲೆ ಲೆಕ್ಕ ಹಾಕುತ್ತಿದ್ದ ಕೆಪ್ಲರನಿಗೆ ಇದರ ಬೆಲೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಅವನಿಗೂ ಒಂದು ಮಾಡಿಸಲು ಶಿಕಾರ್ಡ್ ಪ್ಫಿಸ್ಟರ್ ಎಂಬ ಕುಶಲಕರ್ಮಿಗೆ ಕೊಟ್ಟಿದ್ದ. ಅರ್ಧ ಆಗಿತ್ತು. ರಾತ್ರಿ ಬೆಂಕಿ ಬಿದ್ದು ಸುಟ್ಟುಹೋಯಿತು. ಫೆಬ್ರವರಿ 1624ರ ಪತ್ರದಲ್ಲಿ ಆ ಸುದ್ದಿ ಇದೆ.

ಪೀಣ್ಯ_ಫಿಟ್ಟರ್:
ಸರ್, ಎಲ್ಲ ಸರಿ. ಆದರೆ ಅದು ಓಡಿತ್ತಾ? ನಾನು ಹಳೇ ಆಟೋ ಮೀಟರ್‌ಗಳನ್ನು ಬಿಚ್ಚಿ ಜೋಡಿಸಿದವನು. 9 ದಾಟಿ 0 ಬರುವಾಗ ಒಂದು ಹಲ್ಲು ಪಕ್ಕದ ಚಕ್ರವನ್ನು ಒಂದು ಮನೆ ತಳ್ಳುತ್ತದೆ. ಒಂದೆರಡು ಚಕ್ರ ಆದರೆ ಸಲೀಸು. 999999ಕ್ಕೆ 1 ಕೂಡಿದರೆ? ಆರೂ ಚಕ್ರಗಳನ್ನು ಮೊದಲ ಚಕ್ರ ತಿರುಗಿಸುವ ಬೆರಳೇ ಎಳೆಯಬೇಕು. ಹಲ್ಲು ಮುರಿಯುತ್ತದೆ, ಇಲ್ಲ ಜಾಮ್ ಆಗುತ್ತದೆ. ಆ ಕಾಲದ ಅರ, ಆ ಕಾಲದ ಹಿತ್ತಾಳೆ. ನನಗಂತೂ ಅನುಮಾನ.

ಬೋಬ್ಲಿಂಗನ್_ಕನ್ನಡಿಗ:
ಮರ್ಮಕ್ಕೇ ಕೈಹಾಕಿದಿರಿ! ಅವನು ಆರೇ ಅಂಕಿಗೆ ನಿಲ್ಲಿಸಿದ್ದಕ್ಕೆ ಇದೂ ಕಾರಣ ಇರಬೇಕು ಅಂತ ಹೇಳುವವರಿದ್ದಾರೆ. ಆರು ಅಂಕಿ ದಾಟಿದರೆ ಗಂಟೆ ಹೊಡೆಯುತ್ತಿತ್ತು. ಪಾಸ್ಕಲ್ ಈ ಕಷ್ಟಕ್ಕೆ ಬೇರೆ ದಾರಿ ಹಿಡಿದ. ಚಕ್ರ ತಿರುಗುತ್ತಿದ್ದಂತೆ ಒಂದು ಸಣ್ಣ ತೂಕ ಮೇಲೇಳುತ್ತದೆ, 9 ದಾಟಿದಾಗ ಅದು ಬಿದ್ದು ಪಕ್ಕದ ಚಕ್ರವನ್ನು ತಳ್ಳುತ್ತದೆ. ಬೆರಳಿಗೆ ಭಾರವಿಲ್ಲ. ಆದರೆ ಪಾಸ್ಕಲನ ಚಕ್ರ ಹಿಂದಕ್ಕೆ ತಿರುಗುವುದಿಲ್ಲ, ಶಿಕಾರ್ಡನದ್ದು ತಿರುಗುತ್ತದೆ. ಅಂದರೆ ಕಳೆಯುವ ಲೆಕ್ಕ ನೇರವಾಗಿ ಆಗುತ್ತದೆ.

ಇನ್ನೊಂದು ವಿಷಯ. ಗುಣಾಕಾರ ಮಾಡುತ್ತಿದ್ದದ್ದು ಈ ಹಲ್ಲಿನ ಚಕ್ರಗಳಲ್ಲ. ಮೇಲಿನ ಭಾಗದಲ್ಲಿ ನೇಪಿಯರ್ ಎಂಬ ಗಣಿತಜ್ಞನ ಕಡ್ಡಿಗಳಲ್ಲಿ ಇರುವ ಮಗ್ಗಿಯನ್ನು ಉರುಳೆಗಳ ಮೇಲೆ ಬರೆದಿದ್ದ. ಅಲ್ಲಿ ಬಿಡಿ ಗುಣಲಬ್ಧ ಓದಿ, ಕೆಳಗಿನ ಚಕ್ರಗಳಲ್ಲಿ ನಾವೇ ಕೂಡಬೇಕು. ‘ಎಲ್ಲ ತಾನಾಗಿಯೇ’ ಅನ್ನುವುದು ಸ್ವಲ್ಪ ಜಾಸ್ತಿ ಹೊಗಳಿಕೆ.

ಹಾಸನದ_ಮೇಡಂ:
ಮತ್ತೆ ಇಷ್ಟು ದಿನ ಎಲ್ಲಿ ಅಡಗಿತ್ತು ಇದು? ಆಮೇಲೆ ಅವನ ಕಥೆ ಏನಾಯಿತು?

ಬೋಬ್ಲಿಂಗನ್_ಕನ್ನಡಿಗ:
ಅವನು ಯಂತ್ರದ ಬಗ್ಗೆ ಪುಸ್ತಕ ಬರೆಯಲಿಲ್ಲ. ವ್ಯುರ್ಟೆಂಬರ್ಗ್ ಸೀಮೆಯನ್ನು ಅಳೆದು ನಕ್ಷೆ ಮಾಡುವ ಕೆಲಸಕ್ಕೆ ಇಳಿದ. ನಕ್ಷೆ ಸರಿಯಾಗಿ ಹೇಗೆ ಮಾಡಬೇಕು ಅಂತ 1629ರಲ್ಲಿ ಸಣ್ಣ ಪುಸ್ತಕ ತಂದ. ಕೆಪ್ಲರನಿಗೂ ಗುರುವಾಗಿದ್ದ ಮೆಸ್ಟ್ಲಿನ್ 1631ರಲ್ಲಿ ತೀರಿಕೊಂಡಾಗ ಖಗೋಳದ ಪೀಠವೂ ಇವನಿಗೇ ಬಂತು. ಅಷ್ಟರಲ್ಲಿ ಮೂವತ್ತು ವರ್ಷದ ಯುದ್ಧ ಮನೆ ಬಾಗಿಲಿಗೆ ಬಂದಿತ್ತು. 1634ರಲ್ಲಿ ನ್ಯೋರ್ಡ್‌ಲಿಂಗನ್‌ನಲ್ಲಿ ಪ್ರಾಟೆಸ್ಟೆಂಟ್ ಪಡೆ ಸೋತ ಮೇಲೆ ಟ್ಯೂಬಿಂಗನ್‌ಗೆ ಎದುರಾಳಿ ಸೈನ್ಯ ನುಗ್ಗಿತು, ಹಿಂದೆಯೇ ಪ್ಲೇಗ್. 1635ರ ಅಕ್ಟೋಬರ್‌ನಲ್ಲಿ ಶಿಕಾರ್ಡ್ ಸತ್ತ. ಮನೆಯವರನ್ನೂ ಅದೇ ಪಿಡುಗು ತಿಂದಿತು. ಶಿಷ್ಯ, ಮಗ ಅಂತ ಯಂತ್ರವನ್ನು ಮುಂದುವರಿಸಲು ಯಾರೂ ಇರಲಿಲ್ಲ.

ಕೆಪ್ಲರನ ಕಾಗದಪತ್ರಗಳು ಕೈಯಿಂದ ಕೈಗೆ ಹೋಗಿ ರಷ್ಯಾ ಸೇರಿದವು. ಅವುಗಳಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಜ್ ಹ್ಯಾಮರ್ ಯಂತ್ರದ ರೇಖಾಚಿತ್ರ ಗುರುತಿಸಿದರು. ಮತ್ತೊಂದು ಚಿತ್ರ ಸ್ಟುಟ್‌ಗಾರ್ಟ್ ಗ್ರಂಥಾಲಯದಲ್ಲಿತ್ತು. ಹ್ಯಾಮರ್ 1957ರಲ್ಲಿ ಇದನ್ನು ವಿದ್ವಾಂಸರ ಮುಂದೆ ಇಟ್ಟರು. ಟ್ಯೂಬಿಂಗನ್‌ನ ಪ್ರೊಫೆಸರ್ ಬ್ರೂನೋ ಫಾನ್ ಫ್ರೈಟಾಗ್ ಲ್ಯೋರಿಂಗ್‌ಹಾಫ್ 1960ರಲ್ಲಿ ಅದನ್ನು ಮತ್ತೆ ಕಟ್ಟಿದರು. ಫಿಟ್ಟರ್ ಸರ್, ಅದು ಓಡುತ್ತದೆ. ಆದರೆ 1623ರ ಅರದಲ್ಲಿ ಮಾಡಿದ್ದು ಹೇಗೆ ಓಡಿತು ಅನ್ನುವ ನಿಮ್ಮ ಪ್ರಶ್ನೆಗೆ ಅದು ಪೂರ್ತಿ ಉತ್ತರ ಅಲ್ಲ. ಮೂಲ ಯಂತ್ರವೇ ಉಳಿದಿಲ್ಲವಲ್ಲ.

ಮೇಡಂ, ನೋಟ್ಸ್‌ನಲ್ಲಿ 1623 ಶಿಕಾರ್ಡ್, 1642 ಪಾಸ್ಕಲ್ ಅಂತ ಎರಡನ್ನೂ ಹಾಕಿ. ಪಾಸ್ಕಲನ ಕೆಲವು ಯಂತ್ರಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿವೆ. ಹೆಸರು ಉಳಿಯಲು ಅದೂ ಒಂದು ಕಾರಣ.

ಪೀಣ್ಯ_ಫಿಟ್ಟರ್:
ಆ ಚಿತ್ರದ ಸ್ಕ್ಯಾನ್ ಎಲ್ಲಾದರೂ ಸಿಕ್ಕರೆ ಇಲ್ಲಿ ಹಾಕಿ ಸರ್. ಹಲ್ಲು ಎಣಿಸಿ ನೋಡುತ್ತೇನೆ.